ನೆನಪಿನ ಚೀಟಿ ಮತ್ತು ಬೈಗುಳ

ನಮ್ಮಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಬೈಸಿಕೊಳ್ಳುವವನು ಅದನ್ನು ಬಳಸಿದವನು. ಮಾಡಿದವನೂ ಮಾರಿದವನೂ ಆಮೇಲೆ. ಪಂಪು ಸುಟ್ಟರೆ ರೈತನಿಗೆ ಬುದ್ಧಿಯಿಲ್ಲ, ಮೆಮೊರಿ ಕಾರ್ಡು ಖಾಲಿಯಾದರೆ ಹಳ್ಳಿಯವರಿಗೆ ಕಂಪ್ಯೂಟರ್ ಹಿಡಿಯಲು ಬರುವುದಿಲ್ಲ! ಈ ಎರಡನೆಯ ಬೈಗುಳದ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ.

ಕೈಯಲ್ಲಿ ಹಿಡಿಯುವ ಲಿನಕ್ಸ್ ಕಂಪ್ಯೂಟರ್ ಎಂಬುದು ನಮಗೆ ಅಮೆರಿಕದಿಂದ ಇಳಿದು ಬಂದ ಪದಾರ್ಥವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯವರ ಜೊತೆ ಸೇರಿ ಅದನ್ನು ಕಟ್ಟಿದರು. 1999ರಲ್ಲಿ ಟ್ರಸ್ಟ್ ಆಯಿತು, 2001ರಲ್ಲಿ ಯಂತ್ರವನ್ನು ಜನರೆದುರು ಇಟ್ಟರು, 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂತು. ಹೆಸರು ಸಿಂಪ್ಯೂಟರ್. ಕನ್ನಡವನ್ನು ಓದಿ ಹೇಳುವ ದನಿಯನ್ನೂ ಅದಕ್ಕೆ ಕೊಟ್ಟಿದ್ದರು.

ಅದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಅದರ ಸ್ಮಾರ್ಟ್ ಕಾರ್ಡು. ಯಂತ್ರ ಊರಿಗೊಂದು ಇರಲಿ, ಚೀಟಿ ಅವರವರದು. ತನ್ನ ಲೆಕ್ಕ, ತನ್ನ ವಿವರ ತನ್ನ ಜೇಬಿನಲ್ಲಿ. ಬೇಕಾದಾಗ ಯಂತ್ರಕ್ಕೆ ತೂರಿಸಿದರೆ ಯಂತ್ರ ಆ ಹೊತ್ತಿಗೆ ಅವನದು. ಬಡವನನ್ನು ಗೌರವದಿಂದ ಕಂಡ ಯೋಚನೆ ಇದು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆಮೇಲೆ ನಡೆದ ಚರ್ಚೆಯೆಲ್ಲ ಬೆಲೆಯ ಮೇಲೆ, ಯಂತ್ರದ ಮೇಲೆ. ಚೀಟಿಯಲ್ಲಿಟ್ಟ ನೆನಪಿಗೆ ಯಾರು ಜವಾಬ್ದಾರಿ ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆ ಹಳೆಯದಾಗಿಲ್ಲ. ಇವತ್ತು ದನ ಕಾಯುವ ಹುಡುಗನ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಲ್ಲೂ ಇರುವುದು ಲಿನಕ್ಸೇ. ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋಗಿ ನೋಡಿ. ತಾತಯ್ಯನವರ ಪದಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹಾಡುವ ಮುದುಕರ ಎದುರು ಎಷ್ಟು ಫೋನುಗಳು ಎದ್ದು ನಿಂತಿರುತ್ತವೆ! ಆ ದನಿಗಳೆಲ್ಲ ಉಗುರಿನಷ್ಟಗಲದ ಚೀಟಿಗಳಿಗೆ ಹೋಗುತ್ತವೆ. ನನಗೆ ಗೊತ್ತಿರುವ ಭಜನೆಯವರೊಬ್ಬರು ಮೂರು ರಾತ್ರಿ ಕೂತು ತಮ್ಮ ಗುರುಗಳ ಹಾಡು ತುಂಬಿಸಿದರು. ಕಾರ್ಡಿನ ಮೇಲೆ 64 ಜಿಬಿ ಎಂದು ಅಚ್ಚಾಗಿತ್ತು, ಒಳಗಿದ್ದದ್ದು 8. ಆ ಗುರುಗಳು ಈಗಿಲ್ಲ. ಅಂಗಡಿಯವನ ಉತ್ತರ: "ಕಾರ್ಡಿಗೆಲ್ಲ ಗ್ಯಾರಂಟಿ ಇರಲ್ಲ ಸಾರ್, ನೀವು ಸರಿಯಾಗಿ ಇಟ್ಕೊಂಡಿಲ್ಲ."

ಇಂಥ ಕಳ್ಳ ಕಾರ್ಡು ಯಂತ್ರಕ್ಕೇ ಸುಳ್ಳು ಹೇಳುತ್ತದೆ. ಎಂಟು ತುಂಬಿದ ಮೇಲೂ 'ಜಾಗ ಇದೆ' ಎನ್ನುತ್ತ ಹಳೆಯದರ ಮೇಲೇ ಬರೆಯುತ್ತದೆ, ಇಲ್ಲವೇ ಬಂದದ್ದನ್ನು ಗಾಳಿಗೆ ತೂರುತ್ತದೆ. ಲಿನಕ್ಸಿನಲ್ಲಿ 'ಎಫ್3' ಎಂಬ ಪುಕ್ಕಟೆ ತಂತ್ರಾಂಶವಿದೆ. ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜವೆಷ್ಟು ಎಂದು ಹೇಳಿಬಿಡುತ್ತದೆ. ತರಕಾರಿಯವಳ ತಕ್ಕಡಿಗೆ ಮುದ್ರೆ ಬೇಕೆನ್ನುವ ಸರ್ಕಾರಕ್ಕೆ ಈ ತೂಕದ ಮೋಸ ಯಾಕೆ ಕಾಣುವುದಿಲ್ಲ?

ಅಸಲಿ ಕಾರ್ಡಿಗೂ ಅದರದೇ ಗುಣಗಳಿವೆ. ಅದನ್ನು ಯಾರೂ ಹಳ್ಳಿಯವನಿಗೆ ಹೇಳುವುದಿಲ್ಲ. ಲಿನಕ್ಸ್ ನಮ್ಮ ಕಚೇರಿಯ ಗುಮಾಸ್ತನಂತೆ: ಅರ್ಜಿ ತೆಗೆದುಕೊಂಡು 'ಆಯಿತು ಹೋಗಿ' ಎನ್ನುತ್ತದೆ, ಮೇಜಿನ ಮೇಲಿಟ್ಟುಕೊಳ್ಳುತ್ತದೆ, ರಿಜಿಸ್ಟರಿಗೆ ಏರಿಸುವುದು ಸ್ವಲ್ಪ ಹೊತ್ತಿನ ಮೇಲೆ. ಅಷ್ಟರಲ್ಲಿ ಕಾರ್ಡು ಕಿತ್ತರೆ ಅರ್ಜಿ ಹೋಯಿತು. ಅದಕ್ಕೇ 'ಅನ್‌ಮೌಂಟ್' ಮಾಡಿ ತೆಗೆಯಬೇಕೆನ್ನುವುದು. ಇನ್ನು ಕಾರ್ಡಿನೊಳಗಿನದು ಬಳಪದ ಹಲಗೆಯ ವ್ಯವಹಾರ. ಒಂದು ಸಾಲು ತಿದ್ದಬೇಕಾದರೂ ಒಂದು ಇಡೀ ಹಲಗೆಯನ್ನೇ ಒರೆಸಿ ಬರೆಯಬೇಕು. ಆ ನಡುವೆ ಬ್ಯಾಟರಿ ಸತ್ತರೆ ಮುಟ್ಟದೆ ಬಿಟ್ಟ ಸಾಲುಗಳೂ ಅಳಿಸಬಹುದು. ಒರೆಸಿ ಒರೆಸಿ ಹಲಗೆ ಸವೆಯುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೂ ಒಳಗಿನ ವಿದ್ಯುದಂಶ ಮೆಲ್ಲಗೆ ಸೋರುತ್ತದೆ.

ಇದರಲ್ಲಿ ಏಳನೇ ತರಗತಿಯ ಹುಡುಗಿಗೆ ಅರ್ಥವಾಗದ್ದು ಯಾವುದಿದೆ? ಹೇಳುವ ಮನಸ್ಸಿಲ್ಲ, ಅಷ್ಟೇ. ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂದು ಎರಡು ಕ್ಷಣದಲ್ಲಿ ಮಾಯವಾಗುತ್ತದೆ. 'ಇನ್ನೂ ಬರೆಯುತ್ತಿದ್ದೇನೆ, ತೆಗೆಯಬೇಡಿ' ಎಂದು ಕನ್ನಡದಲ್ಲಿ ಒಂದು ಸಾಲು, ಮುಗಿಯುವತನಕ ಉರಿಯುವ ಒಂದು ದೀಪ ಇಡಲು ಕೋಟಿಗಟ್ಟಲೆ ಖರ್ಚಾಗುವುದಿಲ್ಲ.

'ಈಗೆಲ್ಲ ಕ್ಲೌಡಿನಲ್ಲಿ ಇಡುತ್ತಾರೆ, ಕಾರ್ಡಿನ ಗೋಳೇಕೆ?' ಎನ್ನುವ ಜಾಣರಿದ್ದಾರೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಮೋಡವನ್ನು ನಂಬಿ ಎಂದು ಉಪದೇಶ ಮಾಡುವವರ ಧೈರ್ಯ ಮೆಚ್ಚಬೇಕು! ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದೆ, ಸಾವಿರ ಅಡಿ ಕೊರೆದು ನೀರು ಹುಡುಕುವ ಸೀಮೆ ಇದು. ಮೋಡ ಕಟ್ಟುವುದಕ್ಕೂ ಸುರಿಯುವುದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತು. ಅಲ್ಲಿ ಒಂದು ಪ್ರತಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಇನ್ನೊಬ್ಬರ ಮನೆಯ ಪೆಟ್ಟಿಗೆಯಲ್ಲಿಟ್ಟದ್ದು ಅವರ ಷರತ್ತಿನ ಮೇಲೆ ಇರುವಂಥದು. ಸಿಂಪ್ಯೂಟರಿನವರು ಕಂಡದ್ದು ಅದನ್ನೇ: ನೆನಪು ಅವರವರ ಜೇಬಿನಲ್ಲಿರಬೇಕು.

ತಾತಯ್ಯನವರ ಪದಗಳು ನಮ್ಮ ತನಕ ಬಂದದ್ದು ಹೇಗೆ? ಒಂದೇ ಓಲೆಗರಿಯನ್ನು ನಂಬಿ ಕೂತದ್ದರಿಂದಲ್ಲ. ಊರೂರಿನ ಭಜನೆಯವರು ಹಾಡಿದರು, ಕೇಳಿದವರು ಬರೆದುಕೊಂಡರು, ಬರೆದದ್ದನ್ನು ಮತ್ತೊಬ್ಬರು ನಕಲು ಮಾಡಿದರು. ಗರಿಗೆ ಹುಳು ಹಿಡಿಯುತ್ತದೆಂದು ಗೊತ್ತಿದ್ದವರು ಹುಳು ಹಿಡಿಯುವ ಮೊದಲೇ ಪ್ರತಿ ಎತ್ತಿಡುತ್ತಿದ್ದರು. ಕಾರ್ಡಿಗೂ ಅದೇ ನ್ಯಾಯ. ಎರಡು ಕಡೆ ಇಡು, ಇಟ್ಟದ್ದನ್ನು ಓದಿ ತಾಳೆ ನೋಡು, ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಶಾಲೆಗೋ ಪಂಚಾಯಿತಿಗೋ ಯಂತ್ರ ಹಂಚುವವರು ಅದರ ಜೊತೆ ಪರೀಕ್ಷಿಸಿದ ಎರಡು ಕಾರ್ಡು ಕೊಡಲಿ, ಬಳಸುವ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಕೊಡಲಿ. ಅಂಗಡಿಯವನು ಅಳತೆಗೆ ಬದ್ಧನಾಗಲಿ. ಇಷ್ಟು ಮಾಡಿದ ಮೇಲೂ ನಮ್ಮವರು ಕಾರ್ಡು ಕೆಡಿಸಿದರೆ ಆಗ ಬನ್ನಿ, ಬೈಯಿರಿ, ಕೇಳಿಸಿಕೊಳ್ಳುತ್ತೇವೆ. ಅಲ್ಲಿಯ ತನಕ ಬೈಗುಳವನ್ನು ಯಾರಿಗೆ ಸಲ್ಲಬೇಕೋ ಅವರ ವಿಳಾಸಕ್ಕೇ ಕಳಿಸಿ.