ಪ್ರತಿಧ್ವನಿಯ ಪರೀಕ್ಷೆ ನಡೆಯಬೇಕಾದುದೆಲ್ಲಿ?

ಒಂದು ಉಪಕರಣದ ಕುಂದನ್ನು ಅದು ಹುಟ್ಟಿದ ಪ್ರಯೋಗಶಾಲೆಯಲ್ಲಿ ಅರಸಬೇಕೋ, ಅದು ಕಟ್ಟಕಡೆಗೆ ಯಾರ ದೇಹವನ್ನು ಪರೀಕ್ಷಿಸಬೇಕಾಗಿದೆಯೋ ಅವರ ನಡುವೆ ಅರಸಬೇಕೋ ಎಂಬ ಪ್ರಶ್ನೆಯು, ಸೂಕ್ಷ್ಮತರಂಗದ ರೇಡಾರಿನಿಂದ ಸ್ತನದ ಅರ್ಬುದವನ್ನು ಕಾಣುವ ಯತ್ನದಲ್ಲಿ ಬಹು ಸ್ಪಷ್ಟವಾಗಿ ಎದುರಾಗುತ್ತದೆ.

ತತ್ತ್ವವೇನೋ ಸರಳವಾದುದೇ. ಕೊಬ್ಬಿನಲ್ಲಿ ನೀರಿನಂಶ ಅಲ್ಪ, ಅರ್ಬುದದಲ್ಲಿ ಅಧಿಕ. ಆದುದರಿಂದ ಕೊಬ್ಬನ್ನು ಹಾದುಹೋಗುವ ತರಂಗವು ಗಂಟನ್ನು ತಾಕಿದೊಡನೆ ಕಿಂಚಿತ್ ಹಿಂದಿರುಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ರೂಪಿಸಿದ ಯಂತ್ರದಲ್ಲಿ ಮಹಿಳೆಯು ಬೋರಲಾಗಿ ಮಲಗುವಳು. ಬಟ್ಟಲಿನಾಕೃತಿಯ ಪೀಠದಲ್ಲಿರುವ ಆಂಟೆನಾಗಳಲ್ಲಿ ಒಂದು ತರಂಗವನ್ನು ಬಿಡಲು ಉಳಿದವು ಗ್ರಹಿಸುವುವು. ಮರಳಿ ಬರಲು ಹಿಡಿದ ಕಾಲದಿಂದ ಗಂಟಿನ ನೆಲೆಯನ್ನು ಗಣಿಸಲಾಗುವುದು. ಕ್ಷಕಿರಣದ ಭಯವಿಲ್ಲ, ಮ್ಯಾಮೊಗ್ರಾಮಿನಂತೆ ಹಲಗೆಗಳ ನಡುವೆ ಅದುಮುವ ನೋವೂ ಇಲ್ಲ.

ತೊಡಕಿರುವುದು ಚರ್ಮದಲ್ಲಿ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಕೂಗಿದವನಿಗೆ ಎದುರಿನ ಕೆಂಬಂಡೆಯ ಮಾರ್ದನಿಯೇ ಕಿವಿ ತುಂಬುವಂತೆ, ಚರ್ಮದಿಂದ ಮರಳುವ ತರಂಗವು ಒಳಗಿನ ಗಂಟಿನ ಕ್ಷೀಣ ಪ್ರತಿಧ್ವನಿಯನ್ನು ಮುಚ್ಚಿಬಿಡುತ್ತದೆ. ಪೀಠವನ್ನು ತುಸು ತಿರುಗಿಸಿ ಎರಡನೆಯ ಬಾರಿ ಅಳೆದು, ಎರಡಕ್ಕೂ ಸಮಾನವಾದ ಅಂಶವನ್ನು ಕಳೆದುಬಿಡುವ ಬ್ರಿಸ್ಟಲಿನವರ ಉಪಾಯ ಜಾಣ್ಮೆಯದೇ ಸರಿ. ಆದರೆ ಇದಕ್ಕಿಂತ ಆಳವಾದ ಅಡ್ಡಿಯೊಂದು 2007ರಲ್ಲಿ ಪ್ರಕಟವಾಯಿತು: ವಿಸ್ಕಾನ್ಸಿನ್ ಮತ್ತು ಕ್ಯಾಲ್ಗರಿ ವಿಶ್ವವಿದ್ಯಾಲಯಗಳವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಊತಕಗಳ ವಿದ್ಯುದ್ಗುಣಗಳನ್ನು ಅಳೆದಾಗ, ಕೊಬ್ಬಿಗೂ ಅರ್ಬುದಕ್ಕೂ ಹತ್ತು ಪಟ್ಟಿನವರೆಗೆ ಅಂತರವಿದ್ದರೂ, ಆರೋಗ್ಯವಂತ ಗ್ರಂಥಿಗೂ ಅರ್ಬುದಕ್ಕೂ ಇರುವ ಅಂತರ ಸುಮಾರು ಶೇಕಡಾ 10 ಮಾತ್ರವೆಂದು ಕಂಡಿತು.

ಇದು ನಮಗೆ ಅತ್ಯಂತ ಗಣನೀಯ. ಪಾಶ್ಚಾತ್ಯರಿಗಿಂತ ಸರಿಸುಮಾರು ದಶಕದಷ್ಟು ಮೊದಲೇ ಈ ರೋಗ ನಮ್ಮ ಹೆಂಗಸರನ್ನು ಹಿಡಿಯುತ್ತದೆ; ಎಳೆಯ ವಯಸ್ಸಿನ ಸ್ತನದಲ್ಲಿ ಗ್ರಂಥಿಯೇ ಸಾಂದ್ರ. ಗ್ರಂಥಿಯೂ ಗಂಟೂ ಒಂದೇ ಬಿಳುಪಾಗಿ ಕಾಣುವ ಮ್ಯಾಮೊಗ್ರಾಂ ಸೋಲುವುದು ಅಲ್ಲಿಯೇ. ರೇಡಾರು ಗೆಲ್ಲಬೇಕಾದುದೂ ಅಲ್ಲಿಯೇ. ವೃದ್ಧೆಯರ ಕೊಬ್ಬುಳ್ಳ ಸ್ತನದಲ್ಲಿ ಮೂಡಿದ ನಿಚ್ಚಳವಾದ ಚಿತ್ರವನ್ನು ತೋರಿಸಿ ಯಂತ್ರವು ಸುಧಾರಿಸಿತೆನ್ನುವುದು, ನನ್ನ ಅಭಿಪ್ರಾಯದಲ್ಲಿ, ಸುಲಭದ ಪ್ರಶ್ನೆಯನ್ನು ಆರಿಸಿಕೊಂಡು ಉತ್ತೀರ್ಣರಾದಂತೆ. ಬಲವಾದ ತರಂಗಕ್ಕಿಂತ ಸೂಕ್ಷ್ಮವಾದ ಗಣಿತವು ಈಗ ಬೇಕಾಗಿದೆ. 1953ರಲ್ಲಿ ವಿದೇಶದಿಂದ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂಕ್ಷ್ಮತರಂಗದ ಸಂಶೋಧನೆಗೆ ತೊಡಗಿದ ರಾಜೇಶ್ವರಿ ಚಟರ್ಜಿಯವರ ನಾಡಿಗೆ ಆ ಸಾಮರ್ಥ್ಯ ಅಪರಿಚಿತವೇನಲ್ಲ.

ಹಾಗಾದರೆ ಆ ಗಣಿತ ಕೈಗೂಡುವವರೆಗೆ ಕೈಯಿಂದ ಮುಟ್ಟಿ ನೋಡುವುದು ವ್ಯರ್ಥವೆ? ಖಂಡಿತವಾಗಿಯೂ ಅಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಕೇಂದ್ರದವರು ಒಂದೂವರೆ ಲಕ್ಷದಷ್ಟು ಮಹಿಳೆಯರಲ್ಲಿ 20 ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರ ಹಸ್ತಪರೀಕ್ಷೆಯಿಂದ 50 ದಾಟಿದವರಲ್ಲಿ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕೈಯಿಂದ ಮುಟ್ಟಿ ನೋಡುವುದಕ್ಕೂ ಗಂಟಿಗೆ ಸೂಜಿ ಹಾಕಿ ಮಾಡುವ ಪರೀಕ್ಷೆಗೂ ನಡುವಿನ ತೆರಪಿನಲ್ಲಿಯೇ, ವಿಶೇಷವಾಗಿ ಕಿರಿಯರ ವಿಷಯದಲ್ಲಿ, ರೇಡಾರಿಗೆ ಸ್ಥಾನವಿರುವುದು.

ಅದರ ಪರೀಕ್ಷೆಯೂ ಹುನಗುಂದ, ಇಳಕಲ್ಲುಗಳ ದವಾಖಾನೆಗಳಲ್ಲಿ ನಡೆಯತಕ್ಕದ್ದು. ಹುಸಿ ಗಂಟನ್ನು ನಿಜವೆಂದು ತೋರಿಸಿದರೆ, ಇಳಕಲ್ಲಿನಲ್ಲಿ ಕಂಡಿಕೆ ಸುತ್ತುವವಳು ಅಂದಿನ ದುಡಿಮೆಯನ್ನು ಬಿಟ್ಟು, ಮನೆಮಂದಿಗೆಲ್ಲ ಅಂಜಿಕೆ ಹಚ್ಚಿ, ಬಾಗಲಕೋಟೆಯ ಬಸ್ಸು ಹತ್ತಬೇಕಾಗುತ್ತದೆ. ಎಷ್ಟು ಗಂಟುಗಳನ್ನು ಯಂತ್ರವು ಕಂಡಿತೆಂಬುದರ ಪಕ್ಕದಲ್ಲಿ, ಹೀಗೆ ನಿಷ್ಕಾರಣವಾಗಿ ಎಷ್ಟು ಮಂದಿಯನ್ನು ಅಲೆಸಿತೆಂಬ ಅಂಕಿಯನ್ನೂ ಅದನ್ನು ಸುಧಾರಿಸುವವರು ಅಚ್ಚು ಹಾಕಿಸಲಿ.