ತರಗೆಲೆಯ ಕೆಳಗಿನ ಬಾಳು

ಜೇಡವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅದರ ಬಲೆ. ಆದರೆ ಬಲೆಯನ್ನು ನಂಬದೆ, ತೋಳದಂತೆ ನೆಲದ ಮೇಲೆ ಅಲೆದು ಬೇಟೆಯಾಡುವ ಜೇಡಗಳೂ ಉಂಟು. ಇವೇ ತೋಳಜೇಡಗಳು. ದೊಡ್ಡೇರಿಯ ಸುತ್ತಣ ಕುರುಚಲು ಕಾಡಿನಂತಹ ನೆಲವೇ ಇವುಗಳ ಮನೆ. ಇರುಳಿನಲ್ಲಿ ಬ್ಯಾಟರಿ ದೀಪ ಬಿಟ್ಟು ನೋಡಿದರೆ ತರಗೆಲೆಗಳ ನಡುವೆ ಇಬ್ಬನಿಯಂತೆ ಹೊಳೆಯುವ ಕಿಡಿಗಳು ಹಲವು ವೇಳೆ ಇವುಗಳ ಕಣ್ಣುಗಳೇ ಆಗಿರುತ್ತವೆ.

ತೋಳಜೇಡಕ್ಕೆ ಎಂಟು ಕಣ್ಣುಗಳು. ತಾಯಿಜೇಡವು ಮೊಟ್ಟೆಗಳ ಚೀಲವನ್ನು ಒಡಲಿನ ತುದಿಗೆ ಅಂಟಿಸಿಕೊಂಡೇ ತಿರುಗುತ್ತದೆ; ಕಾಲ ಬಂದಾಗ ಚೀಲವನ್ನು ತಾನೇ ಸೀಳಿ, ಹೊರಬಂದ ಮರಿಗಳನ್ನು ಕೆಲವು ದಿನ ಬೆನ್ನ ಮೇಲೆ ಹೊರುತ್ತದೆ. ಹೊಲಗಳಲ್ಲಿ ಪೈರಿಗೆ ಮುತ್ತುವ ಹುಳುಗಳನ್ನು ತಿಂದು, ಕೂಲಿ ಕೇಳದೆ ರೈತನಿಗಾಗಿ ದುಡಿಯುತ್ತದೆ.

ಇಂತಹ ಜೀವಿಗೆ ನಾವು ಮಾಡುತ್ತಿರುವುದೇನು? ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿಯಿಡುತ್ತೇವೆ, ತರಗನ್ನು ಗುಡಿಸಿ ಸುಡುತ್ತೇವೆ, ಬಂಡೆಗಳನ್ನು ಸಿಡಿಸುತ್ತೇವೆ, ಹೊಲಕ್ಕೆ ವಿಷ ಸಿಂಪಡಿಸುತ್ತೇವೆ. ಬಯಲುಸೀಮೆಯ ಹುಲ್ಲುಗಾವಲು ಎಷ್ಟೋ ಕಡೆ ನೀಲಗಿರಿಯ ತೋಪಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಒಮ್ಮೆ ಕಳೆದುಹೋದ ಹುಲ್ಲು ಆಜ್ಞೆಯೊಂದರಿಂದ ಮರಳಿ ಬಾರದು.

ಹುಲ್ಲು ಸುಟ್ಟರಲ್ಲವೇ ಕುರಿಗಳಿಗೆ ಎಳೆಯ ಚಿಗುರು, ಎಂದು ಕುರಿಗಾಹಿ ಕೇಳಬಹುದು. ಆತನ ಕಷ್ಟ ಸುಳ್ಳಲ್ಲ. ಆದರೆ ಇಡೀ ಗುಡ್ಡವನ್ನು ಒಮ್ಮೆಗೇ ಸುಟ್ಟರೆ ಮೊಟ್ಟೆ ಹೊತ್ತ ತಾಯಿಗೆ ಓಡಿಹೋಗಲು ಎಡೆಯೆಲ್ಲಿ? ಒಂದು ಪಾಲನ್ನಾದರೂ ಸುಡದೆ ಬಿಡುವುದು, ಹೊಲದ ಬದುವಿನಲ್ಲಿ ತರಗನ್ನು ಉಳಿಸುವುದು ಯಾರಿಗೂ ಭಾರವಾಗದು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ ಸುಮಾರು 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶವಾಯಿತು. ಇದು ಹೆಮ್ಮೆಯ ಸಂಗತಿ. ಕೃಷ್ಣಮೃಗದ ಹೆಸರಿನಲ್ಲಿ ಉಳಿದ ಹುಲ್ಲು ಅದರ ಬುಡದಲ್ಲಿರುವ ಕಿರುಜೀವಿಗಳಿಗೂ ಆಸರೆ. ಆದರೆ ಬೇಲಿಯ ಹೊರಗಿನ ನೆಲಕ್ಕೆ ಯಾರ ಹೆಸರೂ ಇಲ್ಲ. ಅದನ್ನು ನಾವು ಬರಡು ಭೂಮಿಯೆಂದು ಕರೆದು ಕೈಬಿಟ್ಟಿದ್ದೇವೆ.

ಪೋರ್ಚುಗಲ್ಲಿಗೆ ಸೇರಿದ ದೆಸೆರ್ಟಾ ಗ್ರಾಂಡೆ ದ್ವೀಪದ ಒಂದೇ ಕಣಿವೆಯಲ್ಲಿ ದೊಡ್ಡ ಜಾತಿಯ ತೋಳಜೇಡವೊಂದು ಬಾಳುತ್ತದೆ. ಹೊರಗಿನಿಂದ ಬಂದ ಹುಲ್ಲು ಹಬ್ಬಿ ಕಲ್ಲುಗಳ ಸಂದಿಯನ್ನು ಮುಚ್ಚಿದ್ದರಿಂದ ಅದು ಅಳಿವಿನ ಅಂಚಿಗೆ ಬಂದಿತು. ಕೊನೆಗೆ ಇಂಗ್ಲೆಂಡಿನ ಬ್ರಿಸ್ಟಲ್ ಮೃಗಾಲಯದವರು ಅದರ ಸಂತತಿಯನ್ನು ಬೆಳೆಸಿ ಕಾಪಾಡಬೇಕಾಯಿತು. ನೆಲ ಕೆಡುವ ಮೊದಲೇ ಎಚ್ಚರಗೊಳ್ಳುವುದು ಅದಕ್ಕಿಂತ ಎಷ್ಟೋ ಸುಲಭ.

ಹುಲಿ ಆನೆಗಳ ಅಳಿವಿಗೆ ಮರುಗುವವರು ಹಲವರುಂಟು. ಜೇಡದ ಅಳಿವು ಸದ್ದಿಲ್ಲದೆ ನಡೆದುಹೋಗುತ್ತದೆ. ಕಾಲ ಕಸವೆಂದು ಕಂಡದ್ದರಲ್ಲಿಯೂ ಒಂದು ಸಂಸಾರ ನಡೆದಿರಬಹುದೆಂಬ ಅರಿವು ನಮಗೆ ಬರಬೇಕು. ಆ ಅರಿವಿದ್ದವನು ಬೆಂಕಿಕಡ್ಡಿ ಗೀರುವ ಮುನ್ನ ಒಮ್ಮೆ ನೆಲವನ್ನು ನೋಡುತ್ತಾನೆ.