ಎರಡು ಜೀವದ ವಿಮಾನ ಚಾಲಕಿ

ಬಸುರಿಯಾದವಳು ಹೊಳೆ ದಾಟಬಾರದು, ಗುಡ್ಡ ಹತ್ತಬಾರದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆ ಮಾತನ್ನು ಕೇಳಿ ಬೆಳೆದ ನಾವೇ ಸಮುದ್ರಗಳನ್ನು ದಾಟಿ ಬಂದು ಅಮೆರಿಕೆಯಲ್ಲಿ ಸಂಸಾರ ಹೂಡಿದೆವು. ಈಗ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ವಿಮಾನವನ್ನೇ ನಡೆಸುತ್ತಿದ್ದಾರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕರೇ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ತಂದಿಳಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಇಂತಹ ಚಾಲಕಿಯೊಬ್ಬಳು ತಾಯಿಯಾಗಲು ಹೊರಟಾಗ ಅವಳ ಉದ್ಯೋಗದ ಗತಿಯೇನೆಂದು ನಮ್ಮಲ್ಲಿ ವಿಚಾರಿಸಿದವರು ಕಡಿಮೆ.

ತೊಡಕಿಲ್ಲದ ಗರ್ಭಿಣಿಯು ಪ್ರಯಾಣಿಕಳಾಗಿ ಸಾಮಾನ್ಯವಾಗಿ 36ನೆಯ ವಾರದವರೆಗೆ ವಿಮಾನ ಏರಬಹುದು. ಚಾಲಕಿಯ ವಿಷಯ ಬೇರೆ. ಗರ್ಭಾವಸ್ಥೆ ಸುಗಮವಾಗಿದ್ದರೂ 12ನೆಯ ವಾರ ಮುಗಿದ ಬಳಿಕ 26ನೆಯ ವಾರ ಮುಗಿಯುವವರೆಗೆ ಮಾತ್ರ ಅವಳನ್ನು ಅರ್ಹಳೆಂದು ಪರಿಗಣಿಸಬೇಕೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು. ಯುರೋಪಿನಲ್ಲಿಯೂ 26ನೆಯ ವಾರವೇ ಗಡಿ. ಅಮೆರಿಕೆಯ ಎಫ್.ಎ.ಎ. ಮಾತ್ರ ವಾರದ ಲೆಕ್ಕ ಹಾಕಿಲ್ಲ. ಸಹಜ ಗರ್ಭಧಾರಣೆ ಅನರ್ಹತೆಯಲ್ಲ, ಆದರೆ ದೇಹಸ್ಥಿತಿ ತಕ್ಕುದಲ್ಲವೆಂದು ತಿಳಿದಾಗ ಚಾಲಕಿ ತಾನಾಗಿಯೇ ಹಾರಾಟ ನಿಲ್ಲಿಸಬೇಕು.

ಈ ನಿಯಮಗಳನ್ನೆಲ್ಲ ಗಂಡಸರ ಕುತಂತ್ರವೆಂದು ತಳ್ಳಿಹಾಕುವವಳು ನಾನಲ್ಲ. ಮೊದಲ ತಿಂಗಳುಗಳಲ್ಲಿ ವಾಕರಿಕೆ, ತಲೆಸುತ್ತು, ಗರ್ಭಸ್ರಾವದ ಭಯ. ಕಡೆಯ ತಿಂಗಳುಗಳಲ್ಲಿ ಹೊಟ್ಟೆಗೂ ನಿಯಂತ್ರಣ ಸಾಧನಗಳಿಗೂ ನಡುವೆ ಉಳಿಯದ ಜಾಗ. ಒಗ್ಗರಣೆಯ ವಾಸನೆಗೇ ತಲೆ ತಿರುಗುತ್ತಿದ್ದ ದಿನಗಳಲ್ಲಿ ನನ್ನ ಕೈಗೆ ಕಾರಿನ ಬೀಗದ ಕೈ ಕೊಡುವುದೂ ಕ್ಷೇಮವಾಗಿರಲಿಲ್ಲ!

ನನ್ನ ಆಕ್ಷೇಪಣೆ ಬೇರೆಡೆಗಿದೆ. ಎತ್ತರದ ಆಕಾಶದಲ್ಲಿ, ಅದರಲ್ಲಿಯೂ ಧ್ರುವಮಾರ್ಗಗಳಲ್ಲಿ, ವಿಶ್ವಕಿರಣಗಳ ಪ್ರಮಾಣ ಅಧಿಕ. ಗರ್ಭಿಣಿಯೆಂದು ತಿಳಿಸಿದಂದಿನಿಂದ ಹೆರಿಗೆಯವರೆಗೆ ಶಿಶುವಿಗೆ ತಾಗುವ ವಿಕಿರಣ ಒಟ್ಟು 1 ಮಿಲಿಸೀವರ್ಟನ್ನೂ, ಯಾವುದೇ ತಿಂಗಳಲ್ಲಿ ಅದರ ಅರ್ಧವನ್ನೂ ಮೀರಬಾರದೆಂದು ಎಫ್.ಎ.ಎ. ಸಲಹೆ ನೀಡಿದೆ. ಇಲ್ಲಿ ಅದು ಸಲಹೆಯೇ ಹೊರತು ಕಾನೂನಲ್ಲ. ಗಮನಿಸಿ, ಲೆಕ್ಕ ಆರಂಭವಾಗುವುದು ಅವಳು ಬಾಯಿಬಿಟ್ಟು ಹೇಳಿದ ದಿನದಿಂದ. ಪ್ರಯಾಣಿಕರ ಸುರಕ್ಷತೆಯೂ ಶಿಶುವಿನ ಸುರಕ್ಷತೆಯೂ ಅವಳ ಒಂದು ಮಾತನ್ನು ಅವಲಂಬಿಸಿರುವಾಗ, ಆ ಮಾತಿಗೆ ದಂಡ ವಿಧಿಸುವುದು ಯಾವ ನ್ಯಾಯ?

ದಂಡವೆಂದದ್ದು ಅತಿಶಯೋಕ್ತಿಯಲ್ಲ. ನಮ್ಮ ಕೂಟದ ಗೆಳತಿಯೊಬ್ಬರ ಮಗಳು ಸಣ್ಣ ವಿಮಾನ ಕಂಪೆನಿಯೊಂದರಲ್ಲಿ ಸಹಚಾಲಕಿ. ಹತ್ತು ವಾರ ತುಂಬುವವರೆಗೂ ಅವಳು ಮೇಲಧಿಕಾರಿಗಳಿಗೆ ವಿಷಯ ತಿಳಿಸಲಿಲ್ಲ. “ಹೇಳಿದ ಮರುದಿನದಿಂದ ಸಂಬಳವಿಲ್ಲ ಆಂಟಿ, ಮನೆಯ ಸಾಲ ಯಾರು ಕಟ್ಟುತ್ತಾರೆ?” ಎಂದಳು. ಬುದ್ಧಿ ಹೇಳಲು ಹೋದ ನನಗೆ ಉತ್ತರ ತೋಚಲಿಲ್ಲ. 1993ರ ಫೆಡರಲ್ ಕಾನೂನು ಕೊಡುವ 12 ವಾರಗಳ ರಜೆ ಸಂಬಳರಹಿತವಾದದ್ದು. ಹಾರಾಟ ಬೇಗನೆ ನಿಲ್ಲಿಸಿದವಳಿಗೆ ಅದು ಹೆರಿಗೆಗೆ ಮೊದಲೇ ಮುಗಿದುಹೋಗುತ್ತದೆ.

ಫ್ರಾಂಟಿಯರ್ ಏರ್‌ಲೈನ್ಸಿನ ಚಾಲಕಿಯರು 2019ರಲ್ಲಿ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದ್ದೂ ಇಂತಹ ದೂರುಗಳಿಗಾಗಿಯೇ: ಗರ್ಭಾವಸ್ಥೆಯ ಕೊನೆಯ ವಾರಗಳಲ್ಲಿ ಕಡ್ಡಾಯವಾದ ಸಂಬಳರಹಿತ ರಜೆ, ಹೆರಿಗೆಯ ನಂತರ ಎದೆಹಾಲು ತೆಗೆದಿಡಲು ಸೌಕರ್ಯವಿಲ್ಲದಿರುವುದು. 2023ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ದುಡಿಯುವ ತಾಯಂದಿರಿಗೆ ಹಾಲು ತೆಗೆಯಲು ಸಮಯವನ್ನೂ ಸ್ಥಳವನ್ನೂ ಕೊಡುವ ಕಾನೂನು 2022ರ ಡಿಸೆಂಬರಿನಲ್ಲಿ ವಿಸ್ತಾರಗೊಂಡಾಗಲೂ ವಿಮಾನ ಸಿಬ್ಬಂದಿಯನ್ನು ಹೊರಗಿಟ್ಟರು. 2023ರ ಜೂನ್‌ನಿಂದ ಜಾರಿಗೆ ಬಂದ ಗರ್ಭಿಣಿ ಕಾರ್ಮಿಕರ ಕಾನೂನು ಮಾತ್ರ ತಕ್ಕ ಸೌಲಭ್ಯ ಕೇಳುವ ಹಕ್ಕನ್ನು ಅವರಿಗೂ ಕೊಟ್ಟಿದೆ.

ಕೇಳಿ ಪಡೆಯುವ ಹಕ್ಕಿಗಿಂತ, ಹೇಳಿದ ದಿನವೇ ದೊರೆಯುವ ನೆಲದ ಕೆಲಸ ಮೇಲೆಂದು ನನ್ನ ಅಭಿಪ್ರಾಯ. ಸಿಮ್ಯುಲೇಟರ್ ತರಬೇತಿ, ಪಾಠ ಹೇಳುವುದು, ಕಚೇರಿಯ ಕೆಲಸ, ಏನಾದರೂ ಇರಲಿ, ಸಂಬಳ ನಿಲ್ಲದಿರಲಿ. ಹಾರಾಟ ಯಾವಾಗ ನಿಲ್ಲಬೇಕೆಂಬುದನ್ನು ಪ್ರಸೂತಿ ತಜ್ಞರೂ ವಿಮಾನಯಾನ ವೈದ್ಯರೂ ಕೂಡಿ ನಿರ್ಧರಿಸಲಿ, ಲೆಕ್ಕಪತ್ರ ವಿಭಾಗವಲ್ಲ.

ಗರ್ಭಿಣಿ ಚಾಲಕಿಯ ಹಾರಾಟದ ವಿವರಗಳು ಅವಳ ಪ್ರಸೂತಿ ತಜ್ಞರಿಗೆ ಗೊತ್ತಿರಬೇಕೆಂದು ಎಫ್.ಎ.ಎ. ಹೇಳುತ್ತದೆ. ನಮ್ಮ ಕನ್ನಡ ಬಳಗದಲ್ಲಿ ಪ್ರಸೂತಿ ತಜ್ಞರಿಗೇನೂ ಬರವಿಲ್ಲ. ಈ ಸಮ್ಮೇಳನಕ್ಕೆ ಬಂದಿರುವ ವೈದ್ಯ ಬಂಧುಗಳು ತಮ್ಮಲ್ಲಿಗೆ ಬರುವ ಹೆಣ್ಣುಮಗಳು ಪೈಲಟ್ ಎಂದು ತಿಳಿದಾಗ, ಎಷ್ಟು ಎತ್ತರ, ಯಾವ ಮಾರ್ಗ, ತಿಂಗಳಿಗೆ ಎಷ್ಟು ಗಂಟೆ, ಕಂಪೆನಿಗೆ ಹೇಳಿದ್ದೀಯಾ ಎಂದೂ ಕೇಳಲಿ.